ಡೀಫನ್‌ಬೇಕರ್ ಸರೋವರದ ದಂಡೆಗೆ ಅಪ್ಪಯ್ಯ, ಅಮ್ಮನ ಜೊತೆ

ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ ಜುಲೈ ತಿಂಗಳ ಕ್ಯಾಂಪಿಂಗ್ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ರಸ್ತೆಯಂಚಿನ ಹಿಮದ ಗುಡ್ಡೆಗಳು ಕಪ್ಪುಗಟ್ಟಿ ಕರಗುತ್ತಿರುವಾಗಲೇ ಕಂಪ್ಯೂಟರ್ ಮುಂದೆ ಕೂತು ಬೇಸಿಗೆಯ ಜಾಗ ಹಿಡಿಯಬೇಕು. ಪ್ರಾಂತೀಯ ಪಾರ್ಕುಗಳ ಬುಕಿಂಗ್ ಎಲ್ಲವೂ ಒಂದೇ ದಿನ ತೆರೆಯುವುದಿಲ್ಲ. ಪಾರ್ಕುಗಳನ್ನು ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ದಿನ ಬೆಳಿಗ್ಗೆ ಏಳಕ್ಕೆ ಬಿಡುತ್ತಾರೆ. ಏಳಕ್ಕೆ ಮುಂಚೆ ಬಂದು ಕಾಯುತ್ತಿರುವವರಿಗೆಲ್ಲ ಸರದಿಯಲ್ಲಿ ಜಾಗ ಸಿಗುವುದು ಚೀಟಿ ಎತ್ತಿದ ಹಾಗೆ. ಹಾಗಾಗಿ ನಾಲ್ಕಕ್ಕೇ ಎದ್ದು ಕೂತರೂ ಆರೂಮುಕ್ಕಾಲಿಗೆ ಎದ್ದರೂ ಒಂದೇ. ಸರದಿ ಬಂದ ಮೇಲೆ ಮಾತ್ರ ಒಂದು ನಿಮಿಷಕ್ಕೂ ಬೆಲೆಯಿದೆ. ಯಾವ ತಾರೀಖು, ಯಾವ ಪಾರ್ಕು, ಅದರಲ್ಲಿ ಡೇರೆ ಹಾಕಲು ಯಾವ ನಂಬರಿನ ಸೈಟು ಅನ್ನುವುದು ಕಾಗದದ ಮೇಲೆ ಮೊದಲೇ ಬರೆದಿರಬೇಕು. ಮೊದಲನೆಯದು ಹೋಗಿದ್ದರೆ ಎರಡನೆಯದು, ಅದೂ ಹೋಗಿದ್ದರೆ ಮೂರನೆಯದು.

ನಾನು ಸಾಸ್ಕಟೂನಿನ ಆಸ್ಪತ್ರೆಯಲ್ಲಿ ನರ್ಸ್. ಶಿಫ್ಟ್ ಲೆಕ್ಕದಲ್ಲಿ ಬದುಕುವವರಿಗೆ ಇಲ್ಲೊಂದು ಅನುಕೂಲ ಇದೆ. ಶನಿವಾರ ಭಾನುವಾರದ ಜಾಗಗಳಿಗೆ ಊರೆಲ್ಲ ಮುಗಿಬೀಳುತ್ತಿರುವಾಗ ನಮಗೆ ಸೋಮವಾರದಿಂದ ಗುರುವಾರದವರೆಗೆ ಬಿಡುವು ಸಿಗುತ್ತದೆ. ಆ ವರ್ಷ ಸಾಗರದಿಂದ ಅಪ್ಪಯ್ಯ, ಅಮ್ಮ ಬೇಸಿಗೆಗೆ ನಮ್ಮಲ್ಲಿಗೆ ಬರುವವರಿದ್ದರು. ಎಪ್ಪತ್ತರ ಆಸುಪಾಸಿನವರು. ಅಪ್ಪಯ್ಯನಿಗೆ ಮಂಡಿನೋವು, ಅಮ್ಮನಿಗೆ ರಾತ್ರಿ ಒಂದೆರಡು ಸಲ ಏಳಲೇಬೇಕು. ಅವರನ್ನು ಮಾಲ್‌ಗಳಿಗೆ, ಹೂವಿನ ತೋಟಕ್ಕೆ ಕರೆದುಕೊಂಡು ಹೋಗಿ ಕಳಿಸಿಬಿಡುವುದು ಸುಲಭವಿತ್ತು. ಈ ಬಯಲು ನಾಡಿನಲ್ಲಿ ಜನ ಬೇಸಿಗೆಯನ್ನು ಹೇಗೆ ಕಳೆಯುತ್ತಾರೋ ಹಾಗೇ ನೀರಿನ ಪಕ್ಕ ಒಂದಿಷ್ಟು ದಿನ ಅವರನ್ನು ಇರಿಸಬೇಕೆಂದು ನನಗೆ ಬಹಳ ಆಸೆಯಿತ್ತು.

ಹತ್ತಿರದಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಊರಿಂದ ಅರ್ಧ ಗಂಟೆಯಲ್ಲಿ ಪೈಕ್ ಲೇಕ್ ಇದೆ, ನದಿ ದಾರಿ ಬದಲಿಸಿದಾಗ ಹಿಂದೆ ಉಳಿದ ನೀರು ಅದು. ದಕ್ಷಿಣಕ್ಕೆ ಬ್ಲ್ಯಾಕ್‌ಸ್ಟ್ರಾಪ್ ಇದೆ, ಅಲ್ಲಿ 1971ರ ಕೆನಡಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಮಣ್ಣು ಸುರಿದು ಕಟ್ಟಿದ ಗುಡ್ಡ ಇಂದಿಗೂ ದೂರದಿಂದ ಕಾಣುತ್ತದೆ. ಇವು ಪ್ರಾಂತ್ಯದ ಪಾರ್ಕುಗಳು. ಇವಲ್ಲದೆ ಊರಿನವರೇ ಸೇರಿ ನಡೆಸುವ ರೀಜನಲ್ ಪಾರ್ಕುಗಳು, ಸಣ್ಣ ರಿಕ್ರಿಯೇಷನ್ ಸೈಟ್‌ಗಳು ಬೇರೆ ಇವೆ. ರೀಜನಲ್ ಪಾರ್ಕುಗಳದ್ದು ಬುಕಿಂಗ್ ಬೇರೆ, ನಿಯಮ ಬೇರೆ, ಎಷ್ಟೋ ಕಡೆ ಫೋನ್ ಮಾಡಿ ಮಾತಾಡಿದರೆ ಕೆಲಸವಾಗುತ್ತದೆ. ಏಪ್ರಿಲ್ ತಪ್ಪಿದವರು ಬೇಸರ ಮಾಡಿಕೊಳ್ಳುವ ಮುಂಚೆ ಅವುಗಳನ್ನು ನೋಡುವುದು ಒಳ್ಳೆಯದು.

ನನ್ನ ಮನಸ್ಸು ಇದ್ದದ್ದು ಡೀಫನ್‌ಬೇಕರ್ ಸರೋವರದ ಮೇಲೆ. ಫೆಬ್ರವರಿಯಲ್ಲಿ ವಿಡಿಯೋ ಕಾಲ್‌ನಲ್ಲಿ ಅದರ ಫೋಟೋ ತೋರಿಸಿ, ಇದು ಅಣೆಕಟ್ಟಿನ ನೀರು ಅಂತ ಹೇಳಿದೆ. ಅಪ್ಪಯ್ಯ ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ.

"ಅಲ್ಲಿ ನೀರು ಯಾವ ತಿಂಗಳಲ್ಲಿ ಏರ್ತದೆ ಮಗಾ?"

ಶರಾವತಿ ಹಿನ್ನೀರಿನ ದಂಡೆಯಲ್ಲಿ ಬೆಳೆದವರ ಪ್ರಶ್ನೆ ಇದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅಪ್ಪಯ್ಯ ಇನ್ನೂ ಹುಡುಗ. ಗದ್ದೆ, ಮನೆ, ದೇವಸ್ಥಾನ ನೀರಿಗೆ ಬಿಟ್ಟು ಲಾರಿ ಹತ್ತಿದ ನೆಂಟರ ಹೆಸರುಗಳನ್ನು ಅವರು ಈಗಲೂ ಒಂದೊಂದಾಗಿ ಹೇಳುತ್ತಾರೆ. ಆ ದಂಡೆಯಲ್ಲಿ ಬದುಕಿದವರಿಗೆ ನೀರಿನ ಅಂಚು ಎಂದೂ ಒಂದೇ ಕಡೆ ನಿಲ್ಲುವುದಿಲ್ಲ ಎನ್ನುವುದು ಗೊತ್ತು. ಮಳೆಗಾಲದಲ್ಲಿ ಮೇಲಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿದು, ಮುಳುಗಿದ ಹಳೆಯ ಮಡೆನೂರು ಅಣೆಕಟ್ಟನ್ನೇ ಮತ್ತೆ ತೋರಿಸುತ್ತದೆ. ನಾನು ಅಷ್ಟರವರೆಗೆ ಸೈಟಿನ ಬಾಡಿಗೆ, ಶವರ್ ಇದೆಯೋ ಇಲ್ಲವೋ ಎನ್ನುವುದನ್ನು ನೋಡುತ್ತಿದ್ದೆ. ಆ ಪ್ರಶ್ನೆಯಿಂದ ಮುಂದೆ ಯೋಜನೆಯ ದಾರಿಯೇ ಬೇರೆಯಾಯಿತು.

ಉತ್ತರ ಹುಡುಕುತ್ತಾ ಹೋದೆ. ದಕ್ಷಿಣ ಸಾಸ್ಕಾಚೆವಾನ್ ನದಿಗೆ ಅಡ್ಡಲಾಗಿ ಕಟ್ಟಿದ ಗಾರ್ಡಿನರ್ ಅಣೆಕಟ್ಟು ಮುಗಿದದ್ದು 1967ರಲ್ಲಿ, ನಮ್ಮ ಲಿಂಗನಮಕ್ಕಿಯ ಮೂರು ವರ್ಷಕ್ಕೆ. ಪೂರ್ತಿ ಮಣ್ಣಿನ ಕಟ್ಟೆ. 64 ಮೀಟರ್ ಎತ್ತರ, 5 ಕಿಲೋಮೀಟರ್ ಉದ್ದ. ನೀರು ಕ್ವಾಪೆಲ್ ಕಣಿವೆಯ ಕಡೆ ಹರಿದುಹೋಗದ ಹಾಗೆ ಅಲ್ಲೊಂದು ಚಿಕ್ಕ ಅಣೆಕಟ್ಟು. ಎರಡರ ನಡುವೆ ನಿಂತ ಸರೋವರ 225 ಕಿಲೋಮೀಟರ್ ಉದ್ದ, ದಂಡೆಯ ಅಳತೆ ಸುಮಾರು 800 ಕಿಲೋಮೀಟರ್. ಸಾಸ್ಕಟೂನ್, ರಿಜೈನಾ, ಮೂಸ್ ಜಾ ಮೂರೂ ಊರುಗಳ ನಲ್ಲಿಗೆ ಬರುವ ನೀರಿಗೆ ಇದೇ ಮೂಲ. ಬಯಲಿನ ಮಳೆ ಈ ಸರೋವರವನ್ನು ತುಂಬುವುದಿಲ್ಲ. ಪಶ್ಚಿಮಕ್ಕೆ ನೂರಾರು ಕಿಲೋಮೀಟರ್ ಆಚೆ ರಾಕಿ ಪರ್ವತದ ಹಿಮ ಕರಗಿ ಬೋ, ಓಲ್ಡ್‌ಮನ್, ರೆಡ್ ಡೀರ್ ನದಿಗಳಾಗಿ ಆಲ್ಬರ್ಟಾ ದಾಟಿ ಇಲ್ಲಿಗೆ ಬರುತ್ತದೆ. ಚಳಿಗಾಲವಿಡೀ ಕರೆಂಟಿಗಾಗಿ ನೀರು ಬಿಟ್ಟು ಬಿಟ್ಟು ವಸಂತದ ಹೊತ್ತಿಗೆ ಮಟ್ಟ ತೀರಾ ಕೆಳಗಿರುತ್ತದೆ. ಜೂನ್‌ನಲ್ಲಿ ಏರಲು ಶುರುವಾಗಿ ಜುಲೈ ಹೊತ್ತಿಗೆ ತುಂಬುತ್ತದೆ.

"ಹಾಂಗಾರೆ ನಮ್ಮಲ್ಲಿ ಮಳೆ ಹಿಡಿದಾಗಲೇ ಅಲ್ಲೂ ಏರ್ತದೆ" ಅಂದರು ಅಪ್ಪಯ್ಯ. ಅಲ್ಲಿ ಮುಂಗಾರು, ಇಲ್ಲಿ ಹಿಮ. ತಿಂಗಳು ಮಾತ್ರ ಒಂದೇ.

ಕ್ಯಾಂಪಿಗೆ ಹೋಗುವವರಿಗೆ ಇದರಿಂದ ಆಗುವ ಉಪಯೋಗ ದೊಡ್ಡದು. ಮೇ ಕೊನೆಯಲ್ಲಿ ಹೋದರೆ ಮರಳಿನ ದಂಡೆ ಅಗಲವಾಗಿರುತ್ತದೆ, ಆದರೆ ನೀರು ಕಾಲಿಟ್ಟರೆ ಮರಗಟ್ಟುವಷ್ಟು ತಣ್ಣಗೆ, ರಾತ್ರಿಯ ಚಳಿ ಹಿರಿಯರಿಗೆ ಆಗುವಂಥದ್ದಲ್ಲ. ಜುಲೈ ನಡುವಿಗೆ ನೀರು ತುಂಬಿ ದಂಡೆ ಕಿರಿದಾಗಿರುತ್ತದೆ, ಆದರೆ ಹಗಲು ಬೆಚ್ಚಗೆ, ಉಣುಗುಗಳ ಕಾಟ ಇಳಿದಿರುತ್ತದೆ. ಮೇ ತಿಂಗಳ ಲಾಂಗ್ ವೀಕೆಂಡಿನ ಗಲಾಟೆಯೂ ಇರುವುದಿಲ್ಲ. ನಾವು ಜುಲೈ ನಡುವಿನ ವಾರ ಆರಿಸಿಕೊಂಡೆವು, ಸರೋವರದ ಪೂರ್ವ ಭಾಗದಲ್ಲಿ ಎಲ್ಬೋ ಊರಿನ ಹತ್ತಿರದ ಡಗ್ಲಸ್ ಪಾರ್ಕನ್ನು ಹಿಡಿದೆವು. ಟಾಮಿ ಡಗ್ಲಸ್ ಹೆಸರಿನ ಪಾರ್ಕು ಅದು. ಅವರು ಈ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಆಗಿ ಹಾಕಿದ ಬುನಾದಿಯ ಮೇಲೆ 1962ರಲ್ಲಿ ಇಲ್ಲಿ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ಬಂತು, ಆಮೇಲೆ ಅದು ಇಡೀ ಕೆನಡಾಕ್ಕೆ ಹರಡಿತು. ಅಂಥ ಆಸ್ಪತ್ರೆಯೊಂದರಲ್ಲಿ ದಿನವೂ ಕೆಲಸ ಮಾಡುವ ನನಗೆ ಆ ಹೆಸರಿನ ಮೇಲೆ ಪ್ರೀತಿ ಇರುವುದು ಸಹಜ.

ಸೈಟ್ ಆರಿಸುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ನೀರು ಕಾಣುವ ಸೈಟು ಬೇಕು ಅಂತ ಎಲ್ಲರಿಗೂ ಆಸೆ. ಆದರೆ ಪ್ರೇರಿಯಲ್ಲಿ, ಅಂದರೆ ಈ ಹುಲ್ಲು ಬಯಲಿನಲ್ಲಿ, ನೀರಿನ ಎದುರು ಮರವಿಲ್ಲದ ಜಾಗ ಅಂದರೆ ಗಾಳಿಯ ಬಾಯಿ. ಇಲ್ಲಿ ದೊಡ್ಡ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ ಬರುತ್ತದೆ. ಉದ್ದದ ಸರೋವರದ ಮೇಲೆ ತಡೆಯಿಲ್ಲದೆ ಬೀಸಿ ಬರುವಾಗ ಅದಕ್ಕೆ ಇನ್ನಷ್ಟು ಬಲ. ಹಾಗಾಗಿ ಮ್ಯಾಪ್ ತೆರೆದು ಪಶ್ಚಿಮಕ್ಕೆ ಪಾಪ್ಲರ್ ಮರಗಳಿರುವ ಸೈಟುಗಳನ್ನು ಗುರುತು ಮಾಡಿದೆ. ಉಪಗ್ರಹದ ಚಿತ್ರದಲ್ಲಿ ಮರದ ನೆರಳು ಸ್ಪಷ್ಟವಾಗಿ ಕಾಣುತ್ತದೆ. ನಂತರ ಶೌಚಾಲಯಕ್ಕೆ ಎಷ್ಟು ದೂರ ಎಂದು ಅಳೆದೆ. ಅಮ್ಮ ರಾತ್ರಿ ಟಾರ್ಚ್ ಹಿಡಿದು ನಡೆಯಬಹುದಾದಷ್ಟು ಹತ್ತಿರ ಇರಬೇಕು, ಆದರೆ ಬಾಗಿಲ ಸದ್ದು, ದೀಪ, ಓಡಾಡುವವರ ಮಾತು ಡೇರೆಯೊಳಗೆ ಬರುವಷ್ಟು ಹತ್ತಿರ ಅಲ್ಲ. ಎರಡು ಸೈಟು ಬಿಟ್ಟು ಮೂರನೆಯದು ಸರಿಹೋಗುತ್ತದೆ. ಕೊನೆಯದು ಕರೆಂಟ್. ಕರೆಂಟ್ ಇರುವ ಸೈಟಿಗೆ ಹೆಚ್ಚು ಕೊಡಬೇಕು, ಟ್ರೇಲರ್ ಇಟ್ಟವರಿಗೆ ಅದು ಬೇಕೇಬೇಕು, ಟೆಂಟಿನವರು ಸಾಮಾನ್ಯವಾಗಿ ಬಿಡುತ್ತಾರೆ. ನಾನು ಬಿಡಲಿಲ್ಲ. ವಯಸ್ಸಾದವರಿದ್ದಾಗ ರಾತ್ರಿ ಬಿಸಿನೀರಿಗೆ ಕೆಟಲ್, ಚಳಿ ಹೆಚ್ಚಾದರೆ ಎಲೆಕ್ಟ್ರಿಕ್ ಕಂಬಳಿ, ಎಲ್ಲಕ್ಕಿಂತ ಮುಖ್ಯವಾಗಿ ಅನ್ನಕ್ಕೆ ರೈಸ್ ಕುಕ್ಕರ್. ಗಾಳಿಗೆ ಗ್ಯಾಸ್ ಸ್ಟೋವಿನ ಉರಿ ಅತ್ತಿತ್ತ ಹಾರುತ್ತಿರುವಾಗ ಅನ್ನ ತನ್ನಷ್ಟಕ್ಕೆ ಆಗುತ್ತಿದ್ದರೆ ಅಡುಗೆಯವರಿಗೆ ಎಷ್ಟು ನೆಮ್ಮದಿ ಅನ್ನುವುದು ಮಾಡಿದವರಿಗೆ ಗೊತ್ತು.

ಸರದಿ ಬಂದ ಬೆಳಿಗ್ಗೆ ನನ್ನ ಪಟ್ಟಿಯ ಎರಡನೆಯ ಸೈಟು ಸಿಕ್ಕಿತು.

ಮೇ ತಿಂಗಳಲ್ಲಿ ಅವರಿಬ್ಬರೂ ಬಂದಿಳಿದರು. ವಿಷಯ ಕೇಳಿ ಅಮ್ಮ ಕೇಳಿದ ಮೊದಲ ಮಾತು, "ನೆಲದ ಮೇಲೆ ಮಲಗಬೇಕಾ?" ಬೇಡ, ಮಡಚುವ ಮಂಚ ತಂದಿದ್ದೇನೆ ಅಂದೆ. ಎರಡನೆಯ ಮಾತು, "ಅಲ್ಲಿ ಉಣುಗು ಇರ್ತದಾ?" ಅದಕ್ಕೆ ಮಾತ್ರ ನಾನು ಕೂತು ವಿವರವಾಗಿ ಹೇಳಬೇಕಾಯಿತು. ಸಾಗರ, ಸೊರಬದ ಕಡೆಯವರಿಗೆ ಉಣುಗು ಅಂದರೆ ಸುಮ್ಮನೆ ತುರಿಕೆಯ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಅದರಿಂದಲೇ ಹರಡುವುದು. ಬೇಸಿಗೆ ಬಂತೆಂದರೆ ದರಕು ಗುಡಿಸಲು ಹೋಗುವವರೂ ಹೆದರುವ ಊರು ನಮ್ಮದು. ಇಲ್ಲಿ ಹುಲ್ಲಿನಲ್ಲಿ ಹೆಚ್ಚಾಗಿ ಸಿಗುವುದು ನಾಯಿ ಉಣುಗಿನ ಜಾತಿ, ಅದು ಲೈಮ್ ಕಾಯಿಲೆ ಹರಡುವುದಿಲ್ಲ, ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಜಾಸ್ತಿ, ಜುಲೈ ನಡುವಿಗೆ ಬಹಳ ಕಮ್ಮಿ ಅಂತ ಹೇಳಿದೆ. ಆದರೂ ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಸಂಜೆ ಬಂದ ಮೇಲೆ ಕಿವಿಯ ಹಿಂದೆ, ಕಂಕುಳು, ಸೊಂಟ, ಕೂದಲ ಬುಡ ನೋಡಿಕೊಳ್ಳುವುದು. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು, ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಅಮ್ಮ ಚಿಮಟವನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಳು.

ಹಾಸಿಗೆಯ ವಿಷಯ ಒಂದು ಹೇಳಬೇಕು. ಜುಲೈನಲ್ಲೂ ಇಲ್ಲಿ ರಾತ್ರಿಯ ಉಷ್ಣತೆ ಹತ್ತು ಡಿಗ್ರಿಗೆ ಇಳಿಯುವುದು ಸಾಮಾನ್ಯ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಡಿಗ್ರಿಯನ್ನು ನೋಡಿ ಕೊಂಡರೆ ಸಾಲದು. ಹೆಚ್ಚಿನವುಗಳ ಮೇಲೆ ಬರೆದಿರುವುದು ತಡೆದುಕೊಳ್ಳಬಹುದಾದ ಕೊನೆಯ ಮಿತಿ, ಹಾಯಾಗಿ ನಿದ್ದೆ ಬರುವ ಮಟ್ಟ ಅಲ್ಲ. ಹಿರಿಯರಿಗೆ ಅದಕ್ಕಿಂತ ಏಳೆಂಟು ಡಿಗ್ರಿ ಹೆಚ್ಚಿನ ಬೆಚ್ಚಗಿನದು ಬೇಕು. ಮಂಚದ ಮೇಲೆ ಮಲಗಿದರೆ ಕೆಳಗಿನಿಂದ ತಣ್ಣನೆಯ ಗಾಳಿ ಬೆನ್ನಿಗೆ ಹೊಡೆಯುತ್ತದೆ, ಆದ್ದರಿಂದ ಮಂಚದ ಮೇಲೂ ಫೋಮ್ ಹಾಸು ಹಾಕಲೇಬೇಕು. ಇದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಊಟದ ಯೋಜನೆಯನ್ನು ಅಮ್ಮ ಕೈಗೆ ತೆಗೆದುಕೊಂಡಳು, ಮತ್ತೆ ನನಗೆ ಅದರಲ್ಲಿ ಮಾತಿರಲಿಲ್ಲ. ಅವಳ ಕ್ರಮ ನನಗೆ ಬಹಳ ಹಿಡಿಸಿತು. ಬೇಗ ಕೆಡುವುದು ಮೊದಲು, ಕೆಡದಿರುವುದು ಕೊನೆಗೆ. ಮೊದಲ ದಿನ ಮನೆಯಲ್ಲೇ ಮಾಡಿದ ಚಪಾತಿ, ಬದನೆಕಾಯಿ ಎಣ್ಣೆಗಾಯಿ. ಎರಡನೇ ದಿನ ತರಕಾರಿ ಹುಳಿ, ಅದಕ್ಕೆ ಹೆಚ್ಚಿದ ತರಕಾರಿ ಡಬ್ಬಿಯಲ್ಲಿ. ಆಮೇಲೆ ಚಿತ್ರಾನ್ನ, ಅದರ ಒಗ್ಗರಣೆ ಅರಿಶಿನ ಸಮೇತ ಮನೆಯಲ್ಲೇ ಹುರಿದು ಬಾಟಲಿಗೆ ತುಂಬಿದ್ದಾಯ್ತು, ಅಲ್ಲಿ ಅನ್ನಕ್ಕೆ ಕಲಸಿ ನಿಂಬೆ ಹಿಂಡಿದರೆ ಮುಗಿಯಿತು. ಕೊನೆಯ ದಿನಕ್ಕೆ ಗೊಜ್ಜವಲಕ್ಕಿಯ ಪುಡಿ, ಉಪ್ಪಿಟ್ಟಿಗೆ ಹುರಿದ ರವೆ, ಅಪ್ಪೆಮಿಡಿ ಉಪ್ಪಿನಕಾಯಿ. ಮೊಸರು ಮಾತ್ರ ದಿನವೂ ಬೇಕು. ಅದಕ್ಕಾಗಿ ಎರಡು ಕೂಲರ್ ಮಾಡಿದೆವು. ಒಂದರಲ್ಲಿ ಮಕ್ಕಳು ಗಳಿಗೆಗೊಮ್ಮೆ ತೆರೆಯುವ ಜ್ಯೂಸು, ಹಣ್ಣು, ಇನ್ನೊಂದರಲ್ಲಿ ಹಾಲು, ಮೊಸರು, ತರಕಾರಿ, ಅದನ್ನು ದಿನಕ್ಕೆರಡೇ ಸಲ ತೆರೆಯುವುದು. ಬಿಡಿ ಐಸಿನ ಬದಲು ನಾಲ್ಕು ಲೀಟರಿನ ಖಾಲಿ ಹಾಲಿನ ಕ್ಯಾನಿಗೆ ನೀರು ತುಂಬಿ ಫ್ರೀಜ್ ಮಾಡಿ ಇಟ್ಟರೆ ನಿಧಾನ ಕರಗುತ್ತದೆ, ಕರಗಿದ ಮೇಲೆ ಕುಡಿಯಲೂ ಆಗುತ್ತದೆ, ಡಬ್ಬಿಗಳು ನೀರಿನಲ್ಲಿ ತೇಲುವುದಿಲ್ಲ. ಈ ಬಯಲಿನಲ್ಲಿ ಕರಡಿಯ ಭಯವಿಲ್ಲ, ಆದರೆ ಕಯೋಟೆ ಎಂಬ ತೋಳದ ಜಾತಿಯ ಪ್ರಾಣಿ, ಅಳಿಲು, ಜಿಂಕೆ ಇವೆ. ರಾತ್ರಿ ಎಲ್ಲ ತಿನಿಸು ಕಾರಿನೊಳಗೆ.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಎಲ್ಮ್ ಮರಗಳನ್ನು ಕೊಲ್ಲುವ ಡಚ್ ಎಲ್ಮ್ ರೋಗ ಹರಡದಿರಲೆಂದು ಈ ಪ್ರಾಂತ್ಯದಲ್ಲಿ ಎಲ್ಮ್ ಸೌದೆ ಸಾಗಿಸುವುದೇ ಕಾನೂನಿಗೆ ವಿರುದ್ಧ. ಬೇರೆ ಸೌದೆಯಲ್ಲೂ ಹುಳ ಅವಿತಿರಬಹುದು. ಉರಿಸುವ ಜಾಗದಲ್ಲೇ ತೆಗೆದುಕೊಳ್ಳುವುದು ಸರಿ. ಹೊರಡುವ ಹಿಂದಿನ ದಿನ ಬೆಂಕಿ ನಿಷೇಧ ಇದೆಯೋ ನೋಡಬೇಕು, ಒಣ ಬೇಸಿಗೆಗಳಲ್ಲಿ ಅದು ಯಾವಾಗ ಬೇಕಾದರೂ ಬರಬಹುದು.

ಸೋಮವಾರ ಬೆಳಿಗ್ಗೆ ಹೊರಟೆವು. ಎರಡೂ ಕಡೆ ಕನೋಲಾ ಹೂಬಿಟ್ಟು ಹಳದಿ ಹೊಲ ಕಣ್ಣು ಹೋಗುವಷ್ಟು ದೂರ. ಅಪ್ಪಯ್ಯ, ಇಷ್ಟೊಂದು ಸಾಸಿವೆ ಯಾರು ತಿಂತಾರೆ ಅಂತ ಕೇಳಿದರು, ಎಣ್ಣೆಗೆ ಅಂತ ನನ್ನ ಮಗಳು ವಿವರಿಸಿದಳು. ಪಾರ್ಕಿಗೆ ಹೋಗುವ ಮುಂಚೆ ಎಲ್ಬೋ ಬಂದರಿನಲ್ಲಿ ಇಳಿಯಬೇಕೆಂದು ನಾನು ಮೊದಲೇ ಬರೆದುಕೊಂಡಿದ್ದೆ. ಅಲ್ಲಿ ಕೆಲವು ಕಲ್ಲಿನ ಚೂರುಗಳಿವೆ.

ಈ ಸರೋವರದ ತಳದಲ್ಲಿ ಒಮ್ಮೆ ಮಿಸ್ಟಸೀನಿ ಎಂಬ ಬಂಡೆಯಿತ್ತು. ಹಿಮಯುಗದ ಹಿಮನದಿ ಹೊತ್ತು ತಂದು ಬಿಟ್ಟುಹೋದದ್ದು, ಸುಮಾರು 400 ಟನ್ ತೂಕ, ಮಲಗಿದ ಬೈಸನ್ (ಇಲ್ಲಿಯ ಕಾಡುಕೋಣ) ಆಕಾರ. ಇಲ್ಲಿಯ ಮೂಲನಿವಾಸಿಗಳಾದ ಕ್ರೀ ಮತ್ತು ಅಸಿನಿಬೋಯಿನ್ ಜನರು ಅಲ್ಲಿ ಸೇರುತ್ತಿದ್ದರು, ಕಾಣಿಕೆ ಇಡುತ್ತಿದ್ದರು. ಬೈಸನ್‌ಗಳ ನಡುವೆ ಬೆಳೆದ ಹುಡುಗನೊಬ್ಬ ಕೊನೆಗೆ ಈ ಕಲ್ಲಾದ ಎಂದು ಕ್ರೀ ಜನ ಹೇಳುವ ಕಥೆ ಇದೆ. ಅಣೆಕಟ್ಟಿನ ನೀರು ಬರುತ್ತದೆಂದಾಗ ಬಂಡೆಯನ್ನು ಎತ್ತಿ ಬೇರೆ ಕಡೆ ಇಡಲು ಪ್ರಯತ್ನಗಳು ನಡೆದವು, ಆಗಲಿಲ್ಲ. 1966ರ ಡಿಸೆಂಬರಿನಲ್ಲಿ ಡೈನಮೈಟ್ ಇಟ್ಟು ಒಡೆದುಬಿಟ್ಟರು. ಉಳಿದ ಚೂರುಗಳಲ್ಲಿ ಕೆಲವನ್ನು ಈ ಬಂದರಿನಲ್ಲಿ ಸ್ಮಾರಕವಾಗಿ ಇಟ್ಟಿದ್ದಾರೆ.

ಇದನ್ನೆಲ್ಲ ಹೇಳಿದಾಗ ಅಪ್ಪಯ್ಯ ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ಕೈಯಿಟ್ಟರು. "ನಮ್ಮಲ್ಲಿ ದೇವರನ್ನಾದರೂ ಎತ್ತಿಕೊಂಡು ಹೋಗ್ಲಿಕ್ಕೆ ಬಿಟ್ಟಿದ್ರು" ಅಂದರು. ದೋಣಿಗಳನ್ನು ನೋಡಲು ಬಂದಿದ್ದ ಒಂದಿಬ್ಬರು ಅವರನ್ನೇ ನೋಡುತ್ತಿದ್ದರು. ನೀರು ತುಂಬಿದ ಜಾಗಕ್ಕೆ ರಜೆ ಕಳೆಯಲು ಹೋಗುವ ನಾವೆಲ್ಲ ಹತ್ತು ನಿಮಿಷ ಇಲ್ಲಿ ನಿಲ್ಲಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಡಗ್ಲಸ್ ಪಾರ್ಕಿನ ನೆಲ ಮರಳು. ಟೆಂಟ್ ಜೊತೆ ಬರುವ ತೆಳು ಗೂಟಗಳು ಇಲ್ಲಿ ಬೆಣ್ಣೆಯಲ್ಲಿ ನೆಟ್ಟಷ್ಟೇ ಸಲೀಸಾಗಿ ಕಿತ್ತು ಬರುತ್ತವೆ. ಅದಕ್ಕೆಂದೇ ಹಳೆಯ ಬಟ್ಟೆ ಚೀಲಗಳನ್ನು ಒಯ್ದಿದ್ದೆ. ಅಪ್ಪಯ್ಯ ಮಡಚುವ ಕುರ್ಚಿಯಲ್ಲಿ ಕೂತು ಚೀಲಗಳಿಗೆ ಮರಳು ತುಂಬಿ, ಬಾಯಿಯನ್ನು ಟೆಂಟಿನ ಹಗ್ಗದ ತುದಿಯಿಂದಲೇ ಬಿಗಿದು ಕಟ್ಟಿಕೊಟ್ಟರು. ನನ್ನ ಗಂಡ ಒಂದೂವರೆ ಅಡಿ ಗುಂಡಿ ತೋಡಿ ಒಂದೊಂದನ್ನೇ ಹೂತು, ಮೇಲೆ ಮರಳು ಎಳೆದು, ತುಳಿದು, ನೀರು ಚಿಮುಕಿಸಿದ. ಹಗ್ಗ ಎಳೆದು ನೋಡಿದರೆ ಅಲುಗಲಿಲ್ಲ. ಟೆಂಟಿನ ಕಿರಿದಾದ ಬದಿಯನ್ನು ಪಶ್ಚಿಮಕ್ಕೆ, ಬಾಗಿಲನ್ನು ಪೂರ್ವಕ್ಕೆ ಇಟ್ಟೆವು.

ಎರಡನೇ ದಿನ ಸಂಜೆ ಅದರ ಪರೀಕ್ಷೆಯಾಯಿತು. ಮಧ್ಯಾಹ್ನವೇ ಹವಾಮಾನ ಸೂಚನೆ ಕೊಡುವ ಎನ್ವಿರಾನ್‌ಮೆಂಟ್ ಕೆನಡಾದ ಆ್ಯಪ್‌ನಲ್ಲಿ ಗುಡುಗುಮಳೆಯ ವಾಚ್ ಬಂದಿತ್ತು. ವಾಚ್ ಎಂದರೆ ಬರಬಹುದು, ವಾರ್ನಿಂಗ್ ಎಂದರೆ ಬಂದೇಬಿಟ್ಟಿದೆ ಅಥವಾ ಬರುತ್ತಿದೆ. ವಾಚ್ ಬಂದಾಗಲೇ ಕುರ್ಚಿ ಮಡಚಿ, ಸ್ಟೋವ್ ಒಳಗಿಟ್ಟು, ಔಷಧಿ, ಪಾಸ್‌ಪೋರ್ಟು, ಸ್ವೆಟರು ಕಾರಿಗೆ ಸೇರಿಸಿದೆವು. ಬಯಲಿನಲ್ಲಿ ಮಳೆ ಬರುವುದು ಬಹಳ ದೂರದಿಂದಲೇ ಕಾಣುತ್ತದೆ. ಪಶ್ಚಿಮದ ಅರ್ಧ ಆಕಾಶ ನೀಲಿಕಪ್ಪು, ಕೆಳಗೆ ಬಿಳಿಯ ಅಂಚು. ವಾರ್ನಿಂಗ್ ಬಂದ ಕೂಡಲೇ ಎಲ್ಲರೂ ಕಾರಿನೊಳಗೆ ಕೂತೆವು. ಮಿಂಚು ಹೊಡೆಯುವಾಗ ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮರದ ಕೆಳಗೆ, ನೀರಿನ ಹತ್ತಿರ ನಿಲ್ಲುವುದು ಇನ್ನೂ ಅಪಾಯ. ಕಾರಿನ ಮೇಲೆ ಬಟಾಣಿ ಗಾತ್ರದ ಆಲಿಕಲ್ಲು ಪಟಪಟ ಬಿದ್ದಿತು, ಅಮ್ಮ ಡಬ್ಬಿಯಿಂದ ಕೋಡುಬಳೆ ತೆಗೆದು ಎಲ್ಲರಿಗೂ ಕೊಟ್ಟಳು. ಅರ್ಧ ಗಂಟೆಯಲ್ಲಿ ಮುಗಿಯಿತು. ಮೇಲಿನ ಹೊದಿಕೆಯ ಒಂದು ಮೂಲೆ ಸಡಿಲವಾಗಿದ್ದು ಬಿಟ್ಟರೆ ಡೇರೆ ನಿಂತೇ ಇತ್ತು. ಎದುರಿನ ಬಯಲು ಸೈಟಿನಲ್ಲಿದ್ದ ಹುಡುಗರ ಟೆಂಟ್ ಪೊದೆಗೆ ಸಿಕ್ಕಿಕೊಂಡಿತ್ತು, ಎಲ್ಲರೂ ಸೇರಿ ಬಿಡಿಸಿಕೊಟ್ಟೆವು.

ನೀರಿಗಿಳಿಯುವ ವಿಷಯದಲ್ಲಿ ನಾನು ಮನೆಯಲ್ಲೇ ನಿಯಮ ಮಾಡಿದ್ದೆ. ಇಲ್ಲಿಯ ದಂಡೆಗಳಲ್ಲಿ ಜೀವರಕ್ಷಕರಿಲ್ಲ. ಸರೋವರ ಮುಳುಗಿದ ಕಣಿವೆಯಾದ್ದರಿಂದ ಕೆಲವು ಕಡೆ ದಂಡೆ ಒಮ್ಮೆಲೇ ಆಳಕ್ಕೆ ಇಳಿಯುತ್ತದೆ, ಅತಿ ಆಳದ ಜಾಗ 60 ಮೀಟರಿಗೂ ಹೆಚ್ಚು. ಮಕ್ಕಳಿಗೆ ಲೈಫ್ ಜಾಕೆಟ್, ಗಾಳಿ ತುಂಬುವ ಆಟಿಕೆ ಬೇಡವೇ ಬೇಡ. ದಂಡೆಯಿಂದ ಒಳಕ್ಕೆ ಬೀಸುವ ಗಾಳಿ ಅದನ್ನು ಮಗುವಿನ ಸಮೇತ ಒಯ್ದುಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಆಸ್ಪತ್ರೆಗೆ ಬರುವ ಕೆಲವು ಪ್ರಕರಣಗಳನ್ನು ಕಂಡವಳಾಗಿ ಈ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ. ನೀರು ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡರೆ ಇಳಿಯಬಾರದು, ಅದು ನೀಲಿಹಸಿರು ಪಾಚಿ. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಬಿಸಿಲು ಹೆಚ್ಚಿರುವ ದಿನಗಳಲ್ಲಿ ಆಳವಿಲ್ಲದ ಪ್ರೇರಿ ಕೆರೆಗಳಲ್ಲಿ ಅದು ಸಾಮಾನ್ಯ. ನಾವು ಹೋದಾಗ ಡೀಫನ್‌ಬೇಕರ್ ತಿಳಿಯಾಗಿತ್ತು.

ದಂಡೆಯಲ್ಲಿ ಇನ್ನೊಂದು ಎಚ್ಚರ ಬೇಕು. ಪೈಪಿಂಗ್ ಪ್ಲೋವರ್ ಎಂಬ ಮರಳಿನದೇ ಬಣ್ಣದ ಪುಟ್ಟ ಹಕ್ಕಿ, ಕೊರಳಿಗೆ ಕಪ್ಪು ಪಟ್ಟಿ, ಕಿತ್ತಳೆ ಕಾಲು, ಬಯಲು ಮರಳಿನ ಮೇಲೆಯೇ ಮೊಟ್ಟೆಯಿಡುತ್ತದೆ. ಕೆನಡಾದಲ್ಲಿ ಅಳಿವಿನಂಚಿನ ಹಕ್ಕಿ, ಈ ಸರೋವರ ಅದರ ಮುಖ್ಯ ಗೂಡುತಾಣಗಳಲ್ಲೊಂದು. ವಸಂತದಲ್ಲಿ ಅಗಲವಾದ ದಂಡೆ ನೋಡಿ ಗೂಡು ಮಾಡುತ್ತದೆ, ಜೂನ್‌ನಲ್ಲಿ ನೀರು ಏರಿ ಮೊಟ್ಟೆಗಳು ಮುಳುಗುತ್ತವೆ. ಅಪ್ಪಯ್ಯನಿಗೆ ಇದು ಕೇಳಿದ ಕೂಡಲೇ ಅರ್ಥವಾಯಿತು. ಜನರಿಂದ ದೂರದ ದಂಡೆಗೆ ಹೋದಾಗ ಮೊಮ್ಮಗಳ ಕೈ ಹಿಡಿದು, ಒದ್ದೆ ಮರಳಿನ ಮೇಲೆ ಮಾತ್ರ ನಡಿ, ಒಣ ಮರಳಿಗೆ ಹೋಗಬೇಡ ಅಂತ ಅವರೇ ಹೇಳುತ್ತಿದ್ದರು.

ಮರಳುದಿಬ್ಬದ ಕಡೆ ಹೋಗುವ ದಾರಿಯಲ್ಲಿ ಹಳದಿ ಹೂಬಿಟ್ಟ ಮುಳ್ಳುಪಾಪಸುಕಳ್ಳಿ ನೆಲಕ್ಕಂಟಿ ಬೆಳೆದಿತ್ತು. ಹಿಮ ಬೀಳುವ ನಾಡಿನಲ್ಲಿ ಕಳ್ಳಿ ಇರುತ್ತದೆ ಎನ್ನುವುದನ್ನು ಅಮ್ಮ ನೋಡಿಯೇ ನಂಬಿದ್ದು. ಇಲ್ಲಿ ಚಪ್ಪಲಿಯಲ್ಲಿ ನಡೆಯಬಾರದು, ಮುಚ್ಚಿದ ಶೂ ಬೇಕು. ಅಪ್ಪಯ್ಯನ ಮಂಡಿಗೆ ಮರಳು ಏರುವುದು ಆಗಲಿಲ್ಲ, ಅರ್ಧ ದಾರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಡಚುವ ಹಗುರದ ಕುರ್ಚಿಯನ್ನು ಎಲ್ಲಿಗೆ ಹೋದರೂ ಯಾರಾದರೊಬ್ಬರು ಹೊತ್ತಿರಬೇಕು ಅಂತ ಮೊದಲೇ ಮಾತಾಗಿತ್ತು. ಸಂಜೆ ಒಂಬತ್ತು ದಾಟಿದರೂ ಸೂರ್ಯ ಮುಳುಗದ್ದರಿಂದ ಮಕ್ಕಳನ್ನು ಮಲಗಿಸುವುದು ಕಷ್ಟ, ಅದಕ್ಕೆ ದಪ್ಪ ಬಟ್ಟೆಯೊಂದನ್ನು ಟೆಂಟಿನ ಒಳಬದಿಗೆ ಪಿನ್ ಹಾಕಿ ಕತ್ತಲು ಮಾಡಿದೆವು.

ಹೊರಡುವ ದಿನ ಹೂತ ಚೀಲಗಳನ್ನು ತೋಡಿ, ಮರಳು ಅಲ್ಲೇ ಸುರಿದು, ಗುಂಡಿ ಮುಚ್ಚಿದೆವು. ಉಳಿದ ಸೌದೆಯನ್ನು ಪಕ್ಕದ ಸೈಟಿನವರಿಗೆ ಕೊಟ್ಟೆವು. ಟೆಂಟನ್ನು ಮನೆಗೆ ಬಂದು ಗರಾಜಿನಲ್ಲಿ ಮತ್ತೆ ಬಿಚ್ಚಿ ಹಾಕಿ ಪೂರ್ತಿ ಒಣಗಿಸಿದ ಮೇಲೆಯೇ ಮಡಚಿದ್ದು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಈಗ ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ತಮ್ಮ ಅತ್ತೆ ಮಾವನನ್ನು ಕರೆದುಕೊಂಡು ಆಗಸ್ಟ್ ಕೊನೆಯಲ್ಲಿ ಅದೇ ಸರೋವರಕ್ಕೆ ಹೊರಟಿದ್ದಾರೆ. ನನ್ನ ಪಟ್ಟಿ ಅವರಿಗೆ ಕೊಟ್ಟು, ಆಗಸ್ಟಿಗೆ ಬೇಕಾದದ್ದನ್ನು ಪೆನ್ಸಿಲಿನಲ್ಲಿ ಸೇರಿಸಿದ್ದೇನೆ: ರಾತ್ರಿ ಇನ್ನಷ್ಟು ಚಳಿ, ಒಂದು ಕಂಬಳಿ ಜಾಸ್ತಿ, ಬೇಗ ಕತ್ತಲಾಗುತ್ತದೆ, ಟಾರ್ಚಿಗೆ ಹೊಸ ಸೆಲ್, ಹೋಗುವ ಹಿಂದಿನ ದಿನ ಪಾಚಿಯ ಮತ್ತು ಬೆಂಕಿಯ ಸೂಚನೆ ನೋಡಿ, ಪಶ್ಚಿಮಕ್ಕೆ ಮರವಿರುವ ಸೈಟು ಸಿಗದಿದ್ದರೆ ಕಾರನ್ನೇ ಆ ಕಡೆಗೆ ಅಡ್ಡ ನಿಲ್ಲಿಸಿ. ಮಡಚುವ ಮಂಚಗಳು ನಮ್ಮ ಗರಾಜಿನಲ್ಲಿವೆ, ಶುಕ್ರವಾರ ಬಂದು ಒಯ್ಯುತ್ತಾರೆ.